ಹಳೆಯ ಹುದುಗು ಚಹ: ರುಚಿಯ ಪರೀಕ್ಷೆ ಮತ್ತು ಬೆಲೆಯ ಲೆಕ್ಕ

ಹಳತಾದಂತೆಲ್ಲ ಬೆಲೆ ಏರುವ ಆಹಾರಪದಾರ್ಥಗಳು ಕನ್ನಡಿಗರಿಗೆ ಹೊಸವಲ್ಲ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದೆಂದು ವರ್ಷ ಕಳೆದ ಅಕ್ಕಿಯನ್ನೇ ಹುಡುಕುವ ಗೃಹಿಣಿಯರುಂಟು. ಕಪ್ಪಾದ ಹಳೆಯ ಹುಣಿಸೆಯನ್ನು ಭರಣಿಯಲ್ಲಿ ಕಾದಿರಿಸುವ ಮನೆಗಳುಂಟು. ಆಯುರ್ವೇದವು ಹಳೆಯ ತುಪ್ಪಕ್ಕೆ ಪುರಾಣಘೃತವೆಂಬ ಪ್ರತ್ಯೇಕ ಹೆಸರನ್ನೇ ಕೊಟ್ಟಿದೆ. ಆದರೆ ಚಹವೂ ಹೀಗೆ ಹಳತಾಗಿ ಬೆಲೆಯುಳ್ಳದ್ದಾಗಬಹುದು ಎಂಬ ಮಾತನ್ನು ಕೋಲ್ಕತ್ತದಲ್ಲಿ ನೆಲೆಸಿರುವವರು ಸುಲಭವಾಗಿ ಒಪ್ಪಲಾರರು. ಏಕೆಂದರೆ ಈ ನಗರದ ಚಹ ವ್ಯಾಪಾರವೆಲ್ಲ ಹೊಸತನದ ಮೇಲೆಯೇ ನಿಂತಿದೆ.

೧೮೬೧ರ ಡಿಸೆಂಬರ್ ೨೭ರಂದು ಕಲ್ಕತ್ತದಲ್ಲಿ ಮೊದಲ ಚಹದ ಹರಾಜು ನಡೆಯಿತು. ಅಂದಿನಿಂದ ಇಲ್ಲಿಯ ರುಚಿಪರೀಕ್ಷಕರು ಒಂದು ದೊಡ್ಡ ವಿದ್ಯೆಯನ್ನು ಬೆಳೆಸಿದ್ದಾರೆ. ಎಲೆಯನ್ನು ತೂಗಿ, ಕುದಿನೀರು ಹೊಯ್ದು, ಐದಾರು ನಿಮಿಷ ಬಿಟ್ಟು, ಬಸಿದ ಕಷಾಯವನ್ನು ಸದ್ದುಮಾಡಿ ಹೀರಿ ಉಗುಳುವ ಆ ಪರೀಕ್ಷೆಯಲ್ಲಿ ತೋಟ, ಋತು, ತಯಾರಿಕೆಯ ದೋಷ ಇವೆಲ್ಲವೂ ಹೊರಬೀಳುತ್ತವೆ. ಆದರೆ ಆ ವಿದ್ಯೆಯ ನಿಘಂಟಿನಲ್ಲಿ ಹಳತು ಎಂಬುದು ಗುಣವಲ್ಲ, ದೋಷ. ಬಹುಕಾಲ ಗೋದಾಮಿನಲ್ಲಿ ಉಳಿದ ಚಹವನ್ನು ಪರೀಕ್ಷಕನು ಸಪ್ಪೆಯೆಂದು ಬರೆದು ಕೆಳಗಿನ ದರಕ್ಕೆ ತಳ್ಳುತ್ತಾನೆ. ಡಾರ್ಜಿಲಿಂಗಿನ ವಸಂತದ ಮೊದಲ ಕೊಯ್ಲಿಗೆ ಸಿಕ್ಕುವ ಮರ್ಯಾದೆಯೂ ಅದರ ಹೊಸತನಕ್ಕೆ ಸಲ್ಲುವ ಮರ್ಯಾದೆಯೇ.

ಹೀಗಿರಲು, ಚೀನದ ಯುನ್ನಾನ್ ಪ್ರಾಂತದಿಂದ ಬರುವ ಹತ್ತು, ಇಪ್ಪತ್ತು ವರ್ಷ ವಯಸ್ಸಿನದೆಂದು ಹೇಳಲಾಗುವ ಪು-ಎರ್ ಚಹದ ಬಿಲ್ಲೆಯೊಂದು ಪ್ರವಾಸದಿಂದ ಮರಳಿದ ನೆಂಟರ ಕೈಯಲ್ಲಾಗಲಿ ಅಂಚೆಯಲ್ಲಾಗಲಿ ಡಮ್ ಡಮ್‌ನ ಮನೆಯೊಂದಕ್ಕೆ ಬಂದರೆ, ಅದರ ಯೋಗ್ಯತೆಯನ್ನು ಹೇಳಬಲ್ಲವರು ಯಾರು? ಚಹದ ರಾಜಧಾನಿಯಲ್ಲಿದ್ದೂ ಈ ಒಂದು ಚಹಕ್ಕೆ ಇಲ್ಲಿ ಹರಾಜಿಲ್ಲ, ಪ್ರಕಟವಾದ ದರವಿಲ್ಲ. ಬೆಲೆಯೋ ಸಾವಿರಕ್ಕೂ ಉಂಟು, ಐವತ್ತು ಸಾವಿರಕ್ಕೂ ಉಂಟು. ಕೊಳ್ಳುವವನು ತನ್ನ ನಾಲಗೆಯನ್ನೂ ತನ್ನ ಲೆಕ್ಕವನ್ನೂ ನಂಬಬೇಕೇ ಹೊರತು ಬೇರೆ ಗತಿಯಿಲ್ಲ. ಇವೆರಡನ್ನೂ ಬಳಸುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದರ ಸಾರವನ್ನು ಮೊದಲೇ ಹೇಳುವುದಾದರೆ: ವಯಸ್ಸೆಂಬುದು ಮಾರುವವನ ಮಾತು, ಚಹವನ್ನು ಹೇಗೆ ಇಟ್ಟಿದ್ದರೆಂಬುದು ಚಹವೇ ನುಡಿಯುವ ಸಾಕ್ಷ್ಯ. ಹಣವನ್ನು ಕೊಡತಕ್ಕದ್ದು ಎರಡನೆಯದಕ್ಕೆ.

೧. ಹುದುಗು ಎಂದರೇನು?

ಮೊದಲು ಹೆಸರಿನ ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಅಸ್ಸಾಮು, ಡಾರ್ಜಿಲಿಂಗ್, ನೀಲಗಿರಿಗಳ ಕಾರ್ಖಾನೆಗಳಲ್ಲಿ ಎಲೆಯನ್ನು ಹೊಸೆದು ಹರಡಿ ಬಣ್ಣ ತಿರುಗಲು ಬಿಡುವ ಕ್ರಿಯೆಯನ್ನು ಹುದುಗುವಿಕೆಯೆಂದೇ ಕರೆಯುವ ರೂಢಿಯಿದೆ. ವಾಸ್ತವವಾಗಿ ಅಲ್ಲಿ ಹುದುಗುವುದು ಏನೂ ಇಲ್ಲ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವಂತೆ, ಎಲೆಯೊಳಗಿನ ಕಿಣ್ವವು ಗಾಳಿಯ ಆಮ್ಲಜನಕದ ಸಹಾಯದಿಂದ ನಡೆಸುವ ಉತ್ಕರ್ಷಣವದು. ಕೆಲವು ಗಂಟೆಗಳಲ್ಲಿ ಮುಗಿಯುವ ಆ ಕೆಲಸವನ್ನು ಬಿಸಿಗಾಳಿಯಿಂದ ಒಣಗಿಸಿ ನಿಲ್ಲಿಸುತ್ತಾರೆ.

ಪು-ಎರ್ ಚಹದಲ್ಲಿ ನಡೆಯುವುದು ಇಡ್ಲಿಯ ಹಿಟ್ಟಿನಲ್ಲಿ ನಡೆಯುವಂಥ ಕೆಲಸ. ಅಂದರೆ ಸೂಕ್ಷ್ಮಜೀವಿಗಳ ಕೆಲಸ. ಯುನ್ನಾನಿನ ದೊಡ್ಡೆಲೆಯ ಮರಗಳು ಅಸ್ಸಾಮಿನ ಚಹದ ಜಾತಿಗೇ ಸೇರಿದವು. ಎಲೆಯನ್ನು ಬಾಡಿಸಿ, ಬಾಣಲೆಯಲ್ಲಿ ಬಾಡುವಷ್ಟೇ ಹುರಿದು, ಹೊಸೆದು, ಬಿಸಿಲಿನಲ್ಲಿ ಒಣಗಿಸುತ್ತಾರೆ. ಬಳಿಕ ಹಬೆಯಲ್ಲಿ ಮೆತ್ತಗಾಗಿಸಿ, ಬೆಲ್ಲವನ್ನು ಅಚ್ಚಿಗೆ ಹಾಕುವಂತೆ ಒತ್ತಿ ಬಿಲ್ಲೆ ಮಾಡುತ್ತಾರೆ. ವಾಡಿಕೆಯ ಬಿಲ್ಲೆಯ ತೂಕ ೩೫೭ ಗ್ರಾಂ. ಏಳು ಬಿಲ್ಲೆಗಳ ಕಟ್ಟು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಹೀಗೆ ಒತ್ತಿಟ್ಟ ಚಹಕ್ಕೆ ಹಸಿ ಪು-ಎರ್ ಎಂದು ಹೆಸರು. ಹೊಸದಾಗಿದ್ದಾಗ ಅದು ಕಹಿ ಮತ್ತು ಒಗರು. ವರ್ಷಗಳು ಕಳೆದಂತೆ ತೇವ, ಗಾಳಿ, ಸೂಕ್ಷ್ಮಜೀವಿಗಳು ಸೇರಿ ಒಗರನ್ನು ಕೊಡುವ ಅಂಶಗಳನ್ನು ಕರಗಿಸಿ, ಕಂದುಬಣ್ಣದ ಮೃದುವಾದ ಅಂಶಗಳನ್ನಾಗಿ ಮಾರ್ಪಡಿಸುತ್ತವೆ.

ಇನ್ನೊಂದು ಬಗೆಯುಂಟು. ದಶಕಗಳ ಕೆಲಸವನ್ನು ದಿನಗಳಲ್ಲಿ ಮುಗಿಸಬೇಕೆಂದು ಎಲೆಯನ್ನು ರಾಶಿಹಾಕಿ, ನೀರು ಚಿಮುಕಿಸಿ, ಮುಚ್ಚಿ, ಆಗಾಗ ಮಗುಚುತ್ತ ಒಂದೂವರೆ ಎರಡು ತಿಂಗಳು ಬಿಡುವ ವಿಧಾನವನ್ನು ೧೯೭೩ರಲ್ಲಿ ಕುನ್ಮಿಂಗ್ ಚಹದ ಕಾರ್ಖಾನೆಯಲ್ಲಿ ರೂಪಿಸಿದರು. ಇದು ಪಕ್ವ ಪು-ಎರ್. ಗೊಬ್ಬರದ ಗುಂಡಿಯಲ್ಲಿ ಕಾವು ಹುಟ್ಟುವಂತೆ ಈ ರಾಶಿಯಲ್ಲಿಯೂ ಕಾವು ಹುಟ್ಟುತ್ತದೆ. ಫಲವಾಗಿ ಬರುವ ಚಹ ಕಪ್ಪು, ನುಣುಪು, ಮಣ್ಣಿನ ವಾಸನೆಯುಳ್ಳದ್ದು.

ಗ್ರಾಹಕನು ಈ ಭೇದವನ್ನು ಏಕೆ ಅರಿಯಬೇಕು? ಹಸಿ ಪು-ಎರ್‌ಗೆ ವಯಸ್ಸಿನಿಂದ ನಿಜವಾದ ರೂಪಾಂತರವುಂಟು. ಪಕ್ವ ಪು-ಎರ್‌ನ ಮುಖ್ಯ ರೂಪಾಂತರವು ರಾಶಿಯಲ್ಲಿಯೇ ಮುಗಿದಿರುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ ರಾಶಿಯ ಮೀನಿನಂಥ ವಾಸನೆ ಹೋಗಿ ರುಚಿ ತಿಳಿಯಾಗುವುದೇ ಅದಕ್ಕೆ ಬರುವ ದೊಡ್ಡ ಲಾಭ. ಆದುದರಿಂದ ಇಪ್ಪತ್ತು ವರ್ಷದ ಪಕ್ವ ಚಹಕ್ಕೆ ಇಪ್ಪತ್ತು ವರ್ಷದ ಹಸಿ ಚಹದ ಬೆಲೆಯನ್ನು ಕೊಡುವುದು ಅವಿವೇಕ. ಎರಡರ ಕಷಾಯವೂ ಕಪ್ಪಗಿರುವುದರಿಂದ ಮೊದಲ ಮೋಸಕ್ಕೆ ಅವಕಾಶವಾಗುವುದು ಇಲ್ಲಿಯೇ.

೨. ಕಲ್ಕತ್ತದ ಮೂಲಕ ಹೋದ ಚಹ

ಈ ಚಹ ಕಲ್ಕತ್ತಕ್ಕೆ ಅಪರಿಚಿತವೆಂದು ತಿಳಿಯುವುದು ಸರಿಯಲ್ಲ. ಇಪ್ಪತ್ತನೆಯ ಶತಮಾನದ ಎರಡನೆಯ ಪಾದದಲ್ಲಿ ಯುನ್ನಾನಿನ ದಕ್ಷಿಣದ ಫೋಹಾಯ್, ಅಂದರೆ ಇಂದಿನ ಮೆಂಗ್‌ಹಾಯ್ ಪ್ರದೇಶದ ಚಹ ಟಿಬೆಟ್ಟಿಗೆ ಹೋಗುತ್ತಿದ್ದುದು ನೇರವಾದ ಪರ್ವತಮಾರ್ಗದಿಂದಷ್ಟೇ ಅಲ್ಲ. ಹೇಸರಗತ್ತೆಗಳ ಬೆನ್ನಮೇಲೆ ಬರ್ಮಾದ ಕೆಂಗ್‌ಟುಂಗನ್ನು ಸೇರಿ, ಅಲ್ಲಿಂದ ರಂಗೂನಿಗೆ ಇಳಿದು, ಹಡಗಿನಲ್ಲಿ ಕಲ್ಕತ್ತಕ್ಕೆ ಬಂದು, ರೈಲಿನಲ್ಲಿ ಸಿಲಿಗುರಿಗೆ ಹೋಗಿ, ಕಾಲಿಂಪಾಂಗಿನಲ್ಲಿ ಕೈಬದಲಾಗಿ, ಕಡೆಗೆ ಲಾಸಾವನ್ನು ಮುಟ್ಟುತ್ತಿತ್ತು. ಭೂಪಟದಲ್ಲಿ ಇದು ವಿಚಿತ್ರವಾದ ಸುತ್ತು. ಆದರೂ ಹಡಗು ಮತ್ತು ರೈಲು ದೊರೆತ ಮೇಲೆ ಇದೇ ಬೇಗನೆಯ ಮತ್ತು ಅಗ್ಗದ ದಾರಿಯಾಯಿತು. ಟಿಬೆಟ್ಟಿನ ಈ ಬೇಡಿಕೆಯನ್ನು ಭಾರತದ ಚಹದಿಂದಲೇ ಪೂರೈಸಲಾದೀತೇ ಎಂಬುದನ್ನು ತಿಳಿಯಲು ಇಲ್ಲಿಯ ಚಹದ ಉದ್ಯಮವು ಜೇಮ್ಸ್ ಹಚಿಸನ್ ಎಂಬವನನ್ನು ಸೆಚ್ವಾನಿಗೆ ಕಳುಹಿಸಿತ್ತು. ಇಟ್ಟಿಗೆ ಚಹದ ಬಗ್ಗೆ ಅವನು ಬರೆದ ವರದಿ ೧೯೦೬ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. ೧೯೬೨ರ ಯುದ್ಧದೊಡನೆ ಕಾಲಿಂಪಾಂಗಿನ ದಾರಿ ಮುಚ್ಚಿತು.

ಡಮ್ ಡಮ್‌ಗೂ ಯುನ್ನಾನಿಗೂ ಇರುವ ನಂಟು ಬೇರೆಯದು. ೧೯೪೨ರಲ್ಲಿ ಬರ್ಮಾದ ರಸ್ತೆ ಶತ್ರುವಶವಾದ ಮೇಲೆ, ಚೀನದ ರಾಷ್ಟ್ರೀಯ ವಿಮಾನಸಂಸ್ಥೆಯು ಡಮ್ ಡಮ್‌ನಲ್ಲಿ ನೆಲೆಮಾಡಿಕೊಂಡು, ಅಸ್ಸಾಮಿನ ಮೂಲಕ ಹಿಮಾಲಯದ ಕೋಡುಗಳನ್ನು ದಾಟಿ ಕುನ್ಮಿಂಗಿಗೆ ಸಾಮಗ್ರಿ ಸಾಗಿಸುತ್ತಿತ್ತು. ಈ ಶತಮಾನದಲ್ಲಿಯೂ ಕೆಲವು ವರ್ಷ ಅದೇ ಎರಡು ನಿಲ್ದಾಣಗಳ ನಡುವೆ ಪ್ರಯಾಣಿಕರ ವಿಮಾನಗಳು ಓಡಾಡಿದವು.

ಈ ಇತಿಹಾಸದಿಂದ ತಿಳಿಯತಕ್ಕದ್ದು ಒಂದುಂಟು. ಮೆಂಗ್‌ಹಾಯ್, ಹಾಂಗ್‌ಕಾಂಗ್, ಡಮ್ ಡಮ್ ಈ ಮೂರೂ ಹೆಚ್ಚುಕಡಮೆ ಉತ್ತರ ಅಕ್ಷಾಂಶ ೨೨ರ ಆಸುಪಾಸಿನಲ್ಲಿವೆ. ಚಹ ಬೆಳೆಯುವ ಊರು ಮೊದಲನೆಯದು. ಅದನ್ನು ತೇವದ ಗೋದಾಮುಗಳಲ್ಲಿಟ್ಟು ಹಳತುಮಾಡುವ ಕಲೆಯನ್ನು ಬೆಳೆಸಿದ ಊರು ಎರಡನೆಯದು. ಕಡಲತಡಿಗೆ ಹತ್ತಿರದ, ಮಳೆಗಾಲದ ಸೆಕೆಯುಳ್ಳ ಮೂರನೆಯ ಊರಿನ ಹವೆಯು ಹಾಂಗ್‌ಕಾಂಗಿನದನ್ನು ಬಹುಮಟ್ಟಿಗೆ ಹೋಲುತ್ತದೆ. ಕುನ್ಮಿಂಗ್ ಹೀಗಲ್ಲ, ಅದು ಸುಮಾರು ೧,೯೦೦ ಮೀಟರು ಎತ್ತರದ ತಂಪಾದ, ಒಣಹವೆಯ ನಗರ. ಅಲ್ಲಿ ಹತ್ತು ವರ್ಷ ಇದ್ದ ಬಿಲ್ಲೆಯೂ ಹಾಂಗ್‌ಕಾಂಗಿನಲ್ಲಿ ಹತ್ತು ವರ್ಷ ಇದ್ದ ಬಿಲ್ಲೆಯೂ ಒಂದೇ ವಯಸ್ಸಿನ ಎರಡು ಬೇರೆ ಚಹಗಳು.

ಕರಾವಳಿಯ ಕನ್ನಡಿಗರಿಗೆ ಇದನ್ನು ತಿಳಿಸಲು ಹೆಚ್ಚು ಮಾತು ಬೇಡ. ಹಾಯಿಹಡಗುಗಳ ಕಾಲದಲ್ಲಿ ಮಲಬಾರಿನ ಕಾಫಿ ಬೀಜ ತಿಂಗಳುಗಟ್ಟಲೆ ಕಡಲಗಾಳಿಯ ತೇವವನ್ನು ಹೀರಿ, ಉಬ್ಬಿ, ಬಣ್ಣಗೆಟ್ಟು ಯುರೋಪನ್ನು ಸೇರುತ್ತಿತ್ತು. ಅಲ್ಲಿಯವರಿಗೆ ಹುಳಿಯಡಗಿದ ಆ ರುಚಿಯೇ ಹಿತವಾಯಿತು. ಪ್ರಯಾಣದ ಅವಧಿ ಕುಗ್ಗಿ ಆ ರುಚಿ ತಪ್ಪಿದಾಗ, ಮಂಗಳೂರಿನ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ ಅದನ್ನು ಮರಳಿ ಪಡೆಯುವ ಕ್ರಮ ಹುಟ್ಟಿತು. ಅಲ್ಲಿ ಬೆಲೆ ಸಲ್ಲುವುದು ಕಳೆದ ತಿಂಗಳುಗಳಿಗಲ್ಲ. ಗಾಳಿಯನ್ನೂ ತೇವವನ್ನೂ ಅಳತೆಮೀರದಂತೆ ಕೊಟ್ಟ ಜಾಣ್ಮೆಗೆ. ಹಳೆಯ ಚಹಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

೩. ರುಚಿಯ ಪರೀಕ್ಷೆ

ಪರೀಕ್ಷೆಗೆ ಬೇಕಾದುದು ಅತ್ಯಲ್ಪ: ಸಣ್ಣ ತಕ್ಕಡಿ, ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಕುದಿಯುವ ನೀರು. ೫ ಗ್ರಾಂ ಎಲೆಗೆ ೧೦೦ ಮಿಲಿಲೀಟರು ನೀರು ಸಾಕು. ಮೊದಲ ನೀರನ್ನು ಕೆಲವೇ ಕ್ಷಣಗಳಲ್ಲಿ ಬಸಿದು ಚೆಲ್ಲಬೇಕು; ಧೂಳು ಹೋಗಿ ಒತ್ತಿದ ಎಲೆ ಸಡಿಲವಾಗುತ್ತದೆ. ಅನಂತರ ಹತ್ತು ಹದಿನೈದು ಸೆಕೆಂಡುಗಳಿಂದ ಆರಂಭಿಸಿ, ಪ್ರತಿ ಸಲವೂ ಅವಧಿಯನ್ನು ಸ್ವಲ್ಪ ಹೆಚ್ಚಿಸುತ್ತ, ಒಂದೇ ಎಲೆಯಿಂದ ಅನೇಕ ಸಲ ಕಷಾಯ ತೆಗೆಯಬೇಕು. ಹಾಲು, ಸಕ್ಕರೆ ಬೇಡ. ಇವುಗಳ ಜೊತೆಗೆ ಬೇರೆ ಬಟ್ಟಲಿನಲ್ಲಿ, ಕೋಲ್ಕತ್ತದ ಪರೀಕ್ಷಕರಂತೆ, ೨ ಗ್ರಾಂ ಎಲೆಗೆ ೧೦೦ ಮಿಲಿಲೀಟರಿನಂತೆ ನೀರು ಹೊಯ್ದು ಆರು ನಿಮಿಷ ಬಿಟ್ಟು ನೋಡುವುದೂ ಒಳ್ಳೆಯದು. ಚಿಕ್ಕ ಅವಧಿಯ ಕಷಾಯವು ಚಹದ ಗುಣವನ್ನು ತೋರಿಸುತ್ತದೆ. ದೀರ್ಘ ಅವಧಿಯದು ದೋಷವನ್ನು ಬಯಲಿಗೆ ಎಳೆಯುತ್ತದೆ.

ಗಮನಿಸತಕ್ಕ ಅಂಶಗಳು ಐದು.

ಮೊದಲನೆಯದು ಒಣ ಎಲೆಯ ವಾಸನೆ. ಚೆನ್ನಾಗಿ ಇಟ್ಟ ಹಳೆಯ ಚಹದಲ್ಲಿ ಒಣಮರ, ಕರ್ಪೂರ, ಮುಚ್ಚಿಟ್ಟ ಗಂಧದ ಪೆಟ್ಟಿಗೆ ಇವುಗಳ ನೆನಪು ಬರುತ್ತದೆ. ನೆಂದ ಗೋಣಿಚೀಲದ ಮುಗ್ಗಲು ವಾಸನೆ ಬಂದರೆ ಅದು ವಯಸ್ಸಿನ ವಾಸನೆಯಲ್ಲ, ಕೆಟ್ಟ ಗೋದಾಮಿನ ವಾಸನೆ. ಅನೇಕರು ಇವೆರಡನ್ನೂ ಒಂದೆಂದು ತಿಳಿದು, ಮುಗ್ಗಿದಷ್ಟೂ ಹಳತೆಂದು ಭಾವಿಸುತ್ತಾರೆ.

ಎರಡನೆಯದು ಕಷಾಯದ ತಿಳಿತನ. ಹಸಿ ಚಹದ ಬಣ್ಣವು ಹಳದಿಯಿಂದ ಹೊಂಬಣ್ಣಕ್ಕೆ, ಹೊಂಬಣ್ಣದಿಂದ ಕೆಂಗಂದಿಗೆ ನಿಧಾನವಾಗಿ ಸಾಗುತ್ತದೆ. ಬಣ್ಣ ಎಷ್ಟೇ ಗಾಢವಾಗಿರಲಿ, ಬೆಳಕಿಗೆ ಹಿಡಿದರೆ ತಿಳಿಯಾಗಿ ಹೊಳೆಯಬೇಕು. ಕದಡಿದ ಕಷಾಯ ಒಳ್ಳೆಯ ಲಕ್ಷಣವಲ್ಲ.

ಮೂರನೆಯದು ಕಹಿಯ ನಡತೆ. ಕಹಿಯೇ ಇರಬಾರದೆಂದಿಲ್ಲ, ಅದು ಬಾಯಲ್ಲಿ ಏನಾಗುತ್ತದೆ ಎಂಬುದು ಮುಖ್ಯ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ಒಗರು ಸಿಹಿಯಾಗಿ ತಿರುಗುವುದನ್ನು ಎಲ್ಲರೂ ಬಲ್ಲರು. ಉತ್ತಮ ಚಹದ ಕಹಿಯೂ ನುಂಗಿದ ಮೇಲೆ ಹಾಗೆಯೇ ಸಿಹಿಯಾಗಿ ಗಂಟಲಿನಿಂದ ಮರಳಿ ಬರುತ್ತದೆ. ನಾಲಗೆಯ ಮೇಲೆಯೇ ಅಂಟಿ ನಿಂತ ಕಹಿ, ಗಂಟಲನ್ನು ಕೆರೆಯುವ ಒಣತನ ಇವು ದೋಷಗಳು. ಕಹಿಯೂ ಇಲ್ಲ, ಸಿಹಿಯೂ ಇಲ್ಲ, ಬರಿಯ ಕಪ್ಪು ನೀರು ಎನ್ನಿಸಿದರೆ ಅದು ಪಕ್ವವಾದುದಲ್ಲ, ಸತ್ತದ್ದು.

ನಾಲ್ಕನೆಯದು ಬಾಳಿಕೆ. ಒಳ್ಳೆಯ ಎಲೆ ಎಂಟು ಹತ್ತು ಸಲ ನೀರು ಹೊಯ್ದರೂ ಸಾರವನ್ನು ಬಿಟ್ಟುಕೊಡುತ್ತಲೇ ಇರುತ್ತದೆ. ಮೂರನೆಯ ಸಲಕ್ಕೇ ಸಪ್ಪೆಯಾಗುವುದು ಕಳಪೆ ಎಲೆಯ ಗುರುತು.

ಐದನೆಯದು ನೆಂದ ಎಲೆ. ಪರೀಕ್ಷೆ ಮುಗಿದ ಮೇಲೆ ಎಲೆಯನ್ನು ಬಿಳಿಯ ತಟ್ಟೆಯಲ್ಲಿ ಬಿಡಿಸಿ ನೋಡಬೇಕು. ಸಹಜವಾಗಿ ಹಳತಾದ ಹಸಿ ಚಹದ ಎಲೆ ಕಂದುಬಣ್ಣದ್ದಾಗಿದ್ದರೂ ಮೆತ್ತಗಿದ್ದು, ಬೆರಳಿನಿಂದ ಹರಡಿದರೆ ಬಿಚ್ಚಿಕೊಳ್ಳುತ್ತದೆ. ಇದ್ದಲಿನಂತೆ ಕಪ್ಪಾಗಿ, ಬಿರುಸಾಗಿ, ಬಿಚ್ಚದೆ ಪುಡಿಯಾದರೆ ಅದು ರಾಶಿಯಲ್ಲಿ ಬೆಂದದ್ದೋ ಅತಿತೇವದಲ್ಲಿ ಕೊಳೆತದ್ದೋ ಆಗಿರಬೇಕು. ಬಾಯಿ ಮೋಸಹೋದಲ್ಲಿಯೂ ಈ ತಟ್ಟೆ ಬಹುಮಟ್ಟಿಗೆ ನಿಜ ಹೇಳುತ್ತದೆ.

ಬೆಲೆಯನ್ನು ತಿಳಿದು ಕುಡಿಯುವ ನಾಲಗೆ ನಿಷ್ಪಕ್ಷಪಾತಿಯಲ್ಲ. ಆದುದರಿಂದ ಮನೆಯವರೊಬ್ಬರು ಹಳೆಯದೆನ್ನಿಸಿಕೊಂಡ ಚಹ, ಹೊಸ ಹಸಿ ಚಹ, ಸಾಧಾರಣ ಪಕ್ವ ಚಹ ಈ ಮೂರನ್ನೂ ಹೆಸರು ಹೇಳದೆ, ಅಂಕೆ ಹಾಕಿದ ಬಟ್ಟಲುಗಳಲ್ಲಿ ಕೊಡುವುದು ಕ್ಷೇಮ. ದುಬಾರಿಯಾದ ಬಟ್ಟಲನ್ನು ಸಾಧಾರಣ ಪಕ್ವ ಚಹದಿಂದ ಬೇರ್ಪಡಿಸಲಾಗದಿದ್ದರೆ, ಅದು ನಿಜವಾಗಿ ಹಳೆಯದಾದರೂ ಆ ಗ್ರಾಹಕನಿಗೆ ಅದರಿಂದ ಪ್ರಯೋಜನವಿಲ್ಲ.

೪. ಬೆಲೆಯ ಲೆಕ್ಕ

ಬಿಲ್ಲೆಯ ಬೆಲೆ ಕೇಳಿ ಹೌಹಾರುವುದೂ ಸರಿಯಲ್ಲ, ಹಳೆಯದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವುದೂ ಸರಿಯಲ್ಲ. ಎರಡು ಲೆಕ್ಕಗಳನ್ನು ಮಾಡಬೇಕು.

ಮೊದಲನೆಯದು ಬಟ್ಟಲಿನ ಲೆಕ್ಕ. ಉದಾಹರಣೆಗೆ ೩೫೭ ಗ್ರಾಂ ಬಿಲ್ಲೆಯ ಬೆಲೆ ೭,೧೪೦ ರೂಪಾಯಿ ಎಂದು ಇಟ್ಟುಕೊಳ್ಳೋಣ. ಗ್ರಾಮಿಗೆ ೨೦ ರೂಪಾಯಿ. ಒಂದು ಸಲದ ೫ ಗ್ರಾಮಿಗೆ ೧೦೦ ರೂಪಾಯಿ. ಎಲೆ ಎಂಟು ಸಲ ಬಾಳಿದರೆ ೧೦೦ ಮಿಲಿಲೀಟರಿನ ಒಂದು ಬಟ್ಟಲಿಗೆ ಬೀಳುವುದು ೧೨ ರೂಪಾಯಿ ೫೦ ಪೈಸೆ. ಕಿಲೋಗೆ ೪,೦೦೦ ರೂಪಾಯಿಯ ಡಾರ್ಜಿಲಿಂಗ್ ಚಹವನ್ನು ಅದೇ ೧೦೦ ಮಿಲಿಲೀಟರಿಗೆ ೨ ಗ್ರಾಮಿನಂತೆ ಬಳಸಿದರೆ ಬಟ್ಟಲಿಗೆ ೮ ರೂಪಾಯಿ. ಅಂತರ ಮೊದಲು ತೋರಿದಷ್ಟು ದೊಡ್ಡದಲ್ಲ. ಆದರೆ ಅದೇ ಬಿಲ್ಲೆ ಮೂರೇ ಸಲ ಬಾಳಿದರೆ ಬಟ್ಟಲಿಗೆ ೩೩ ರೂಪಾಯಿ ದಾಟುತ್ತದೆ. ಹೀಗೆ ಬಾಳಿಕೆಯೆಂಬುದು ರುಚಿಯ ವಿಷಯವಷ್ಟೇ ಅಲ್ಲ, ದರದ ವಿಷಯವೂ ಹೌದು.

ಎರಡನೆಯದು ಬಡ್ಡಿಯ ಲೆಕ್ಕ. ಚಹವನ್ನು ಹಳತುಮಾಡುವವನು ತನ್ನ ಹಣವನ್ನು ಬಿಲ್ಲೆಯಲ್ಲಿ ಕಟ್ಟಿಹಾಕಿರುತ್ತಾನೆ. ೨,೦೦೦ ರೂಪಾಯಿಯ ಹೊಸ ಬಿಲ್ಲೆಗೆ ಶೇಕಡ ೭ರ ಚಕ್ರಬಡ್ಡಿ ಹಾಕಿದರೆ ಹತ್ತು ವರ್ಷಕ್ಕೆ ೩,೯೩೪ ರೂಪಾಯಿ, ಇಪ್ಪತ್ತು ವರ್ಷಕ್ಕೆ ೭,೭೩೯ ರೂಪಾಯಿ ಆಗುತ್ತದೆ. ಹತ್ತರಲ್ಲಿ ಒಂದು ಬಿಲ್ಲೆ ಕೆಟ್ಟುಹೋಗುವುದೆಂದು ಎಣಿಸಿದರೆ ಉಳಿದವುಗಳ ಮೇಲೆ ಆ ನಷ್ಟ ಸೇರಿ ಮೊತ್ತ ಸುಮಾರು ೮,೬೦೦ಕ್ಕೆ ಏರುತ್ತದೆ. ಗೋದಾಮಿನ ಬಾಡಿಗೆ ಬೇರೆ. ಅಂದರೆ ಅದೇ ದರ್ಜೆಯ ಎಲೆಯ ಇಪ್ಪತ್ತು ವರ್ಷದ ಬಿಲ್ಲೆಗೆ ಎಂಟೊಂಬತ್ತು ಸಾವಿರ ಕೇಳಿದರೆ ಅದರಲ್ಲಿ ವಿಶೇಷ ಲಾಭಕೋರತನವಿಲ್ಲ. ಮೂವತ್ತು ಸಾವಿರ ಕೇಳಿದರೆ, ಮೇಲಿನ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚಿನ ಹಣ ಹೆಸರಿಗೋ ವಿರಳತೆಗೋ ಸಲ್ಲುತ್ತದೆಯೇ ಹೊರತು ಕಾಲಕ್ಕಲ್ಲ. ಆ ಅಂತರವನ್ನು ತನ್ನ ನಾಲಗೆ ಗುರುತಿಸುವುದೇ ಎಂದು ಗ್ರಾಹಕನು ಕೇಳಿಕೊಳ್ಳಬೇಕು.

ಹೆಚ್ಚಿನ ಎಚ್ಚರ ಬೇಕಾಗುವುದು ಇದಕ್ಕೆ ವಿರುದ್ಧವಾದ ಸಂದರ್ಭದಲ್ಲಿ. ಇಪ್ಪತ್ತು ವರ್ಷದ ಬಿಲ್ಲೆಯನ್ನು ಮೂರು ಸಾವಿರಕ್ಕೆ ಕೊಡುತ್ತೇನೆನ್ನುವವನು ಬಡ್ಡಿಯನ್ನೂ ಬಿಟ್ಟುಕೊಡುತ್ತಿರುವಂತೆ ಕಾಣುತ್ತದೆ. ಇಪ್ಪತ್ತು ವರ್ಷದ ಹಿಂದೆ ಅವನು ಅದನ್ನು ಬಹಳ ಅಗ್ಗವಾಗಿ ಕೊಂಡಿರಬಹುದು, ನಿಜ. ಆದರೆ ಪೇಟೆಯಲ್ಲಿ ಎಂಟು ಸಾವಿರ ಬಾಳುವ ವಸ್ತುವನ್ನು ತಿಳಿದೂ ತಿಳಿದೂ ಮೂರಕ್ಕೆ ಮಾರುವ ವರ್ತಕರು ವಿರಳ. ಎಲೆ ಕಳಪೆಯಾಗಿರಬೇಕು, ಸಂಗ್ರಹ ಕೆಟ್ಟಿರಬೇಕು, ಇಲ್ಲವೆ ಹೊದಿಕೆಯ ಕಾಗದದ ಮೇಲಿನ ವರ್ಷ ಸುಳ್ಳಾಗಿರಬೇಕು. ಕಾಗದವನ್ನು ಹೊಸದಾಗಿ ಅಚ್ಚುಹಾಕುವುದು ಚಹವನ್ನು ಇಪ್ಪತ್ತು ವರ್ಷ ಕಾಪಾಡುವುದಕ್ಕಿಂತ ಬಹು ಸುಲಭವಾದ ಕೆಲಸ. ಹಳೆಯ ಚಹದಲ್ಲಿ ಅಗ್ಗವೆಂಬುದು ಅನುಕೂಲವಲ್ಲ, ಅನುಮಾನಕ್ಕೆ ಕಾರಣ.

ಭಾರತದಲ್ಲಿ ಇನ್ನೊಂದು ಅಂಶವನ್ನೂ ಕೂಡಿಸಬೇಕು. ಚಹದ ಆಮದಿನ ಮೇಲೆ ಶೇಕಡ ೧೦೦ರ ಸುಂಕವನ್ನು ಬಹುಕಾಲದಿಂದ ವಿಧಿಸುತ್ತ ಬಂದಿದ್ದಾರೆ. ಆದುದರಿಂದ ಕ್ರಮಬದ್ಧವಾಗಿ ಬಂದ ಬಿಲ್ಲೆ ಹೊರದೇಶದ ಬೆಲೆಯ ಎರಡರಷ್ಟಾದರೆ ಆಶ್ಚರ್ಯವಿಲ್ಲ. ಇಡೀ ಬಿಲ್ಲೆಯನ್ನು ಕೊಳ್ಳುವ ಮೊದಲು ಇಪ್ಪತ್ತು ಇಪ್ಪತ್ತೈದು ಗ್ರಾಮಿನ ತುಣುಕನ್ನು ಬೆಲೆಕೊಟ್ಟೇ ತರಿಸಿ ಪರೀಕ್ಷಿಸುವುದು ಉಚಿತ. ತುಣುಕು ಕೊಡಲೊಪ್ಪದವನಿಂದ ಬಿಲ್ಲೆಯನ್ನೂ ಕೊಳ್ಳಬಾರದು.

ಚಹವನ್ನು ಉಳಿತಾಯದ ಸಾಧನವೆಂದು ಭಾವಿಸಿ ಕಟ್ಟುಗಟ್ಟಲೆ ಕೂಡಿಡುವವರಿಗೆ ೨೦೦೭ನೆಯ ಇಸವಿಯ ಪಾಠ ಸಾಕು. ಯುನ್ನಾನಿನ ಸಿಮಾವ್ ನಗರವು ತನ್ನ ಹೆಸರನ್ನೇ ಪು-ಎರ್ ಎಂದು ಬದಲಾಯಿಸಿಕೊಂಡ ವರ್ಷವದು. ಕೆಲವು ವರ್ಷಗಳಿಂದ ನೆಗೆಯುತ್ತಿದ್ದ ಬೆಲೆ ಆ ವಸಂತದಲ್ಲಿ ಶಿಖರ ಮುಟ್ಟಿ, ಅದೇ ವರ್ಷ ಕುಸಿಯಿತು. ಕುಡಿಯಲೆಂದಲ್ಲದೆ ಮಾರಲೆಂದೇ ಕೊಂಡವರು ನೆಲಕಚ್ಚಿದರು. ಚಿನ್ನಕ್ಕೆ ಒರೆಗಲ್ಲುಂಟು, ಅದನ್ನು ಅಡವಿಟ್ಟರೆ ಸಾಲ ಹುಟ್ಟುತ್ತದೆ. ಹಳೆಯ ಚಹಕ್ಕೆ ನಾಲಗೆಯೊಂದೇ ಒರೆಗಲ್ಲು. ಅದನ್ನು ನಂಬಿ ಸಾಲ ಕೊಡುವವರಾಗಲಿ, ಕೋಲ್ಕತ್ತದಲ್ಲಿ ಮರಳಿ ಕೊಳ್ಳುವ ಪೇಟೆಯಾಗಲಿ ಇಲ್ಲ. ನಿವೃತ್ತಿಯ ಹಣಕ್ಕೆ ಇದು ತಕ್ಕ ಸ್ಥಳವಲ್ಲ.

೫. ಡಮ್ ಡಮ್‌ನಲ್ಲಿ ಇಡುವ ಕ್ರಮ

ಕೊಂಡ ಮೇಲೆ ಕಾಪಾಡುವ ಹೊಣೆ ಗ್ರಾಹಕನದು. ಡಮ್ ಡಮ್‌ನ ಹವೆ ಇದಕ್ಕೆ ಮಿತ್ರನೂ ಹೌದು, ಶತ್ರುವೂ ಹೌದು. ಸೆಕೆ ಮತ್ತು ತೇವದಿಂದ ಹಸಿ ಚಹ ಇಲ್ಲಿ ಕುನ್ಮಿಂಗಿನಲ್ಲಿಗಿಂತ ಬೇಗ ಹದಕ್ಕೆ ಬರುತ್ತದೆ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯ ತೇವಾಂಶ ಶೇಕಡ ೮೦ನ್ನು ಮೀರುವ ದಿನಗಳಲ್ಲಿ ಬೂಷ್ಟು ಹಿಡಿಯುವ ಭಯವೂ ಅಷ್ಟೇ ಇದೆ. ಬಿಲ್ಲೆಯನ್ನು ಅದರ ಕಾಗದದಲ್ಲಿಯೇ ಸುತ್ತಿ, ಹೊಸ ಮಣ್ಣಿನ ವಾಸನೆ ಹೋದ ಮಡಕೆಯಲ್ಲಿಯೋ ದಪ್ಪ ರಟ್ಟಿನ ಪೆಟ್ಟಿಗೆಯಲ್ಲಿಯೋ ಇಟ್ಟು, ಹೊರಗೋಡೆಯಿಂದ ದೂರವಾಗಿ ನೆಲದಿಂದ ಮೇಲೆ ಇರಿಸಬೇಕು. ಸಾಸಿವೆಯೆಣ್ಣೆಯ ಒಗ್ಗರಣೆ ಹೊಗೆಯಾಡುವ ಅಡಿಗೆಮನೆ, ಊದುಬತ್ತಿ ಉರಿಯುವ ದೇವರಮನೆ, ನುಸಿಗುಳಿಗೆ ಹಾಕಿದ ಬಟ್ಟೆಯ ಕಪಾಟು ಈ ಮೂರೂ ವರ್ಜ್ಯ. ಚಹ ಎಲ್ಲ ವಾಸನೆಯನ್ನೂ ಹೀರುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯೂ ದುರ್ಗಾಪೂಜೆಯ ಹೊತ್ತಿಗೆ ಕೂಲಂಕಷವಾಗಿಯೂ ತೆರೆದು ನೋಡಬೇಕು. ಹಸುರು, ಕಪ್ಪು, ಹಳದಿ ಬಣ್ಣದ ನೂಲುನೂಲಾದ ಬೂಷ್ಟು ಕಂಡರೆ ಎಷ್ಟೇ ಬೆಲೆಯದಾದರೂ ಎಸೆಯತಕ್ಕದ್ದು; ಕೊಟ್ಟ ಹಣದ ಮೇಲಿನ ಮೋಹದಿಂದ ಕುಡಿಯಬಾರದು.

ದೂರದ ಚಹವೇ ಬೇಕೆಂಬ ಹಟವಿಲ್ಲದವರಿಗೆ ಸಮೀಪದಲ್ಲಿಯೂ ಒಂದುಂಟು. ಅಸ್ಸಾಮಿನ ಮಾರ್ಗರೀಟಾ, ಲೇಡೋ ಕಡೆಯ ಸಿಂಗ್‌ಫೋ ಜನರು ಎಲೆಯನ್ನು ಹುರಿದು, ಒಣಗಿಸಿ, ಬಿದಿರಿನ ಕೊಳವೆಯಲ್ಲಿ ಗಿಡಿದು, ಒಲೆಯ ಮೇಲಿನ ಹೊಗೆಯಲ್ಲಿಟ್ಟು ಫಲಾಪ್ ಎಂಬ ಚಹವನ್ನು ಮಾಡುತ್ತಾರೆ. ೧೮೨೩ರಲ್ಲಿ ರಾಬರ್ಟ್ ಬ್ರೂಸನಿಗೆ ಅಸ್ಸಾಮಿನ ಚಹದ ಪರಿಚಯವಾದದ್ದು ಇದೇ ಜನರ ನಾಯಕ ಬೀಸಾ ಗಾಮನಿಂದ. ಗಟ್ಟಿಯಾದ ಫಲಾಪನ್ನು ಚಾಕುವಿನಿಂದ ಕೊಯ್ದು ಬಳಸುತ್ತಾರೆ. ಅದು ವರ್ಷಗಟ್ಟಲೆ ಕೆಡದು. ಪು-ಎರ್‌ನ ಗಾಂಭೀರ್ಯ ಅದಕ್ಕಿಲ್ಲ, ಹೊಗೆಯ ರುಚಿ ಮುಂದಾಗಿದೆ. ಆದರೆ ಇಡುವುದರಿಂದ ಚಹ ಹೇಗೆ ಮಾರ್ಪಡುತ್ತದೆಂಬುದನ್ನು ಸುಂಕವಿಲ್ಲದೆ ಕಲಿಯಲು ಅದು ಸಾಕು.

ಮೇಲೆ ಹೇಳಿದ್ದರಿಂದ ಹಳೆಯ ಚಹವೆಲ್ಲ ವಂಚನೆಯೆಂದು ತಿಳಿಯಬೇಕಾಗಿಲ್ಲ. ಒಳ್ಳೆಯ ಎಲೆಯನ್ನು ಒಳ್ಳೆಯ ಗಾಳಿಯಲ್ಲಿ ತಾಳ್ಮೆಯಿಂದ ಇಟ್ಟವನ ಶ್ರಮಕ್ಕೆ ಬೆಲೆ ಸಲ್ಲಬೇಕಾದುದೇ. ಆ ಬೆಲೆ ಎಷ್ಟೆಂಬುದನ್ನು ಹೊದಿಕೆಯ ಮೇಲಿನ ಇಸವಿ ಹೇಳಲಾರದು. ಬಟ್ಟಲಿನಲ್ಲಿ ಮರಳಿ ಬರುವ ಸಿಹಿ, ತಟ್ಟೆಯಲ್ಲಿ ಬಿಚ್ಚಿಕೊಳ್ಳುವ ಎಲೆ, ಕಾಗದದ ಮೇಲೆ ಹಾಕಿದ ಬಡ್ಡಿಯ ಲೆಕ್ಕ ಈ ಮೂರೂ ಒಂದೇ ಮಾತು ಹೇಳಿದರೆ ಕೊಳ್ಳಬಹುದು. ಮೂರರಲ್ಲಿ ಒಂದು ಬೇರೆ ನುಡಿದರೂ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳುವುದು ಮೇಲು.